ಗರಗಸದ ಮುಂದೆ ಕಣ್ಣಿಗೇನು ಕೆಲಸ?

ಕಣ್ಣು ಕಾಣದವರೊಬ್ಬರು ಟೇಬಲ್ ಸಾ ಮುಂದೆ ನಿಂತು ಹಲಗೆ ಸೀಳುತ್ತಾರೆ ಎಂದು ಯಾರಿಗಾದರೂ ಹೇಳಿ ನೋಡಿ. ಮೊದಲು ಬರುವ ಮಾತು ‘ಅಯ್ಯೋ’. ಎರಡನೆಯದು ‘ಬೆರಳು?’ ಮೂರನೆಯ ಮಾತು ಬರುವಷ್ಟರಲ್ಲಿ ಕೇಳಿದವರು ತಮ್ಮದೇ ಬೆರಳುಗಳನ್ನು ಮಡಚಿಕೊಂಡಿರುತ್ತಾರೆ. ಗರಗಸದ ಬಾಯಿಂದ ಕೈಯನ್ನು ಕಾಯುವುದು ಕಣ್ಣು ಎಂಬ ನಂಬಿಕೆ ಅಷ್ಟು ಗಟ್ಟಿ.

ಈ ನಂಬಿಕೆಯನ್ನು ಒಂದು ಸಣ್ಣ ಲೆಕ್ಕಕ್ಕೆ ಹಚ್ಚೋಣ. ಸಾಧಾರಣ ಟೇಬಲ್ ಸಾದಲ್ಲಿ ಮೇಜಿನ ಸೀಳಿನಿಂದ ಮೇಲೆದ್ದ 10 ಇಂಚಿನ ಬ್ಲೇಡ್ ನಿಮಿಷಕ್ಕೆ ಸುಮಾರು 3,450 ಸುತ್ತು ತಿರುಗುತ್ತದೆ. ಅಂದರೆ ಅದರ ಹಲ್ಲಿನ ತುದಿ ಗಂಟೆಗೆ 165 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಏನೋ ಎಡವಟ್ಟಾಯಿತು ಎಂದು ಕಣ್ಣಿಗೆ ಕಂಡು, ಅದು ಮಿದುಳಿಗೆ ಮುಟ್ಟಿ, ಕೈ ಹಿಂದೆ ಸರಿಯಬೇಕಾದರೆ ಎಂಥ ಚುರುಕಿನವರಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರೊಳಗೆ ಬ್ಲೇಡ್ 11 ಸುತ್ತು ಮುಗಿಸಿರುತ್ತದೆ. 40 ಹಲ್ಲಿನದಾದರೆ 400ಕ್ಕೂ ಹೆಚ್ಚು ಹಲ್ಲು ಅದೇ ಜಾಗದಿಂದ ಹಾದು ಹೋಗಿರುತ್ತವೆ. ಕಣ್ಣು ಇಲ್ಲಿ ಸಾಕ್ಷಿ ಹೇಳಬಹುದು, ತಡೆಯಲಾರದು. ಅಮೆರಿಕದಲ್ಲಿ ಟೇಬಲ್ ಸಾದಿಂದ ಗಾಯ ಮಾಡಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವವರು ವರ್ಷಕ್ಕೆ ಸುಮಾರು 30,000 ಮಂದಿ. ಅವರಲ್ಲಿ ಬಹುಪಾಲು ಕಣ್ಣು ಚೆನ್ನಾಗಿಯೇ ಇದ್ದವರು.

ಹಾಗಾದರೆ ಕೈಯನ್ನು ಕಾಯುವುದು ಯಾವುದು? ಅಂಧ ಬಡಗಿಗಳು ಕೆಲಸ ಮಾಡುವ ಕ್ರಮವನ್ನು ಹತ್ತಿರದಿಂದ ತಿಳಿದರೆ ಉತ್ತರ ಸಿಗುತ್ತದೆ. ಆ ಉತ್ತರದಲ್ಲಿ ಕಣ್ಣುಳ್ಳ ಬಡಗಿಗೂ ಪಾಲಿದೆ.

ಅಮೆರಿಕದ ಲೂಸಿಯಾನ ರಾಜ್ಯದ ರಸ್ಟನ್ ಊರಿನಲ್ಲಿ 1985ರಿಂದ ಅಂಧರ ತರಬೇತಿ ಕೇಂದ್ರವೊಂದಿದೆ. ಕೊಲೊರಾಡೋದ ಲಿಟಲ್‌ಟನ್‌ನಲ್ಲಿ ಅಂಥದೇ ಇನ್ನೊಂದು. ಎರಡೂ ಅಲ್ಲಿನ ಅಂಧರೇ 1940ರಲ್ಲಿ ಕಟ್ಟಿಕೊಂಡ ರಾಷ್ಟ್ರೀಯ ಒಕ್ಕೂಟದ ವಿಚಾರಧಾರೆಯಲ್ಲಿ ನಡೆಯುವಂಥವು. ಬ್ರೈಲ್, ಬಿಳಿಕೋಲಿನ ನಡಿಗೆ, ಅಡುಗೆ, ಕಂಪ್ಯೂಟರ್ ಜೊತೆಗೆ ಮರಗೆಲಸದ ಶೆಡ್ಡೂ ಅಲ್ಲಿ ಪಾಠದ ಭಾಗ. ಬಂದವರನ್ನೆಲ್ಲ ಬಡಗಿ ಮಾಡುವ ಉದ್ದೇಶ ಅವರಿಗಿಲ್ಲ. ಅಬ್ಬರಿಸುವ ಯಂತ್ರದ ಮುಂದೆ ನಿಂತು ತಾನೇ ಅಳೆದು, ತಾನೇ ಕೊಯ್ದು ಒಂದು ಪೆಟ್ಟಿಗೆ ಮಾಡಿದವರಿಗೆ ರಸ್ತೆ ದಾಟುವ ಭಯ ತಾನಾಗಿ ಇಳಿಯುತ್ತದೆ ಎಂಬುದು ಅವರ ಎಣಿಕೆ.

ಅಲ್ಲಿನ ಒಂದು ಕಟ್ಟಳೆ ಮೊದಲಿಗೆ ವಿಚಿತ್ರವೆನಿಸುತ್ತದೆ. ಅಲ್ಪಸ್ವಲ್ಪ ದೃಷ್ಟಿ ಉಳಿದವರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಗರಗಸ ಹಿಡಿಯಬೇಕು. ಇದ್ದಷ್ಟು ದೃಷ್ಟಿ ಬಳಸಿಕೊಂಡರೆ ತಪ್ಪೇನು ಎಂದು ಕೇಳಬಹುದು. ಅರೆಗಣ್ಣಿನವರು ಗರಗಸದ ಮುಂದೆ ಮಾಡುವುದು ಏನೆಂದರೆ, ಗೆರೆ ಕಾಣಲೆಂದು ಮುಖವನ್ನು ಬ್ಲೇಡಿನ ಹತ್ತಿರಕ್ಕೆ ತರುವುದು. ಮುಖದ ಜೊತೆ ಭುಜ ಬಾಗುತ್ತದೆ, ಭುಜ ಬಾಗಿದರೆ ಕೈ ಜಾರುತ್ತದೆ. ನನ್ನ ಮಟ್ಟಿಗೆ ಗರಗಸದ ಎದುರು ಪೂರ್ತಿ ಕತ್ತಲೆಗಿಂತ ಅರೆಬೆಳಕು ಹೆಚ್ಚು ಅಪಾಯ. ವಯಸ್ಸಾಗಿ ಕಣ್ಣು ಮಂಜಾದ ಎಷ್ಟೋ ಆಚಾರಿಗಳು ಕನ್ನಡಕ ಬದಲಿಸಲು ಸಂಕೋಚಪಟ್ಟುಕೊಂಡು ಇದನ್ನೇ ದಿನವೂ ಮಾಡುತ್ತಿರುತ್ತಾರೆ.

ಅಂಧ ಬಡಗಿಯ ಕೆಲಸದಲ್ಲಿ ಹೆಚ್ಚಿನ ಹೊತ್ತು ಯಂತ್ರ ಸತ್ತಿರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಅದರ ತುದಿಯನ್ನು ಮೇಜಿನ ಮೇಲೆ ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತಾರೆ. ಯಂತ್ರಕ್ಕೆ ಕರೆಂಟ್ ಇಲ್ಲ ಎಂಬುದಕ್ಕೆ ಅದೇ ಪುರಾವೆ. ಆಮೇಲೆ ಶುರು ಮುಟ್ಟುವ ಕೆಲಸ. ಮೇಜಿನಲ್ಲಿ ಉದ್ದಕ್ಕೆ ಕೊರೆದಿರುವ ತೋಡನ್ನು ಬೆರಳಿನಿಂದ ಹಿಡಿದು ಹೋದರೆ ಬ್ಲೇಡ್ ಎಲ್ಲಿದೆ, ಅದಕ್ಕೆ ನೇರ ಯಾವುದು ಎಂಬುದು ತಿಳಿಯುತ್ತದೆ. ಎತ್ತರ ಹೊಂದಿಸಲು ಕೊಯ್ಯಬೇಕಾದ ಹಲಗೆಯದೇ ಒಂದು ತುಂಡನ್ನು ಬ್ಲೇಡಿಗೆ ಒತ್ತಾಗಿಟ್ಟು, ಹಿಡಿಕೆ ತಿರುವುತ್ತ, ಹಲ್ಲು ತುಂಡಿನ ಮೇಲ್ಮೈ ದಾಟಿ ಕಾಲಿಂಚಿನಷ್ಟು ಮೇಲೆ ಬಂದಿತೇ ಎಂದು ಬೆರಳ ತುದಿಯಲ್ಲಿ ನೋಡುತ್ತಾರೆ. ಅದಕ್ಕಿಂತ ಎತ್ತರ ಎದ್ದ ಬ್ಲೇಡ್ ಕೈ ಜಾರಿದರೆ ಅಷ್ಟು ಹೆಚ್ಚು ಕೊಯ್ಯುತ್ತದೆ.

ಅಗಲ ಹೊಂದಿಸುವುದು ಇನ್ನೂ ಸೂಕ್ಷ್ಮ. ಬ್ಲೇಡಿನ ಬಲಕ್ಕೆ ಉದ್ದನೆಯ ಗೈಡ್ ಪಟ್ಟಿ ಇರುತ್ತದೆ. ಹಲಗೆ ಅದಕ್ಕೆ ಒರಗಿಕೊಂಡೇ ಮುಂದೆ ಸಾಗಬೇಕು. ಪಟ್ಟಿಗೂ ಹಲ್ಲಿಗೂ ನಡುವಿನ ಅಂತರವೇ ಕೊಯ್ದ ಹಲಗೆಯ ಅಗಲ. ಇದನ್ನು ಅಳೆಯಲು ‘ಕ್ಲಿಕ್ ರೂಲ್’ ಎಂಬ ಸಾಧನವೊಂದು ಅಂಧ ಬಡಗಿಗಳ ಬಳಿ ಇರುತ್ತದೆ. ಕೊಳವೆಯೊಳಗೆ ಜಾರುವ ಒಂದು ಲೋಹದ ಸರಳು, ಇಂಚಿನ ಹದಿನಾರನೇ ಒಂದು ಭಾಗ ಸರಿದಾಗಲೆಲ್ಲ ‘ಟಕ್’ ಎನ್ನುತ್ತದೆ. ಅರ್ಧ ಇಂಚಿಗೊಂದು ಗುರುತು ಬೆರಳಿಗೆ ಸಿಗುತ್ತದೆ. ಗುರುತು ಎಣಿಸಿ, ಉಳಿದ ಟಕ್‌ಗಳನ್ನು ಕಿವಿಯಲ್ಲಿ ಎಣಿಸಿ, ತಿರುಪು ಬಿಗಿದರೆ ಅಳತೆ ಅಲ್ಲೇ ನಿಂತಿತು. ಟೇಪಿನ ಗೆರೆ ಓದುವಾಗ ಆಗುವ ಕಣ್ತಪ್ಪು ಇಲ್ಲಿಲ್ಲ. ಪದೇ ಪದೇ ಬೇಕಾಗುವ ಅಳತೆಗೆ ಅದೂ ಬೇಡ, ಮೊದಲೇ ಕೊಯ್ದಿಟ್ಟ ಕಟ್ಟಿಗೆಯ ತುಂಡುಗಳೇ ಸಾಕು. ಪಟ್ಟಿಗೂ ಬ್ಲೇಡಿಗೂ ನಡುವೆ ತುಂಡು ಇಟ್ಟು ಒತ್ತಿ ಬಿಗಿದರಾಯಿತು.

ಒಮ್ಮೆ ಅಳೆದು ಬಿಡುವುದಿಲ್ಲ. ಬ್ಲೇಡಿನ ಮುಂಭಾಗದಲ್ಲಿ ಇರುವ ಅಂತರವೇ ಹಿಂಭಾಗದಲ್ಲೂ ಇದೆಯೇ ಎಂದು ಇನ್ನೊಮ್ಮೆ ನೋಡುತ್ತಾರೆ. ಪಟ್ಟಿ ಹಿಂದೆ ಕೂದಲೆಳೆಯಷ್ಟು ಒಳಗೆ ವಾಲಿದ್ದರೂ ಹಲಗೆ ಬ್ಲೇಡಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂಬದಿಯ ಹಲ್ಲುಗಳು ಮೇಲಕ್ಕೆ ಏರುತ್ತಿರುತ್ತವಲ್ಲ, ಅವು ಹಲಗೆಯನ್ನು ಎತ್ತಿ ಮುಂದೆ ನಿಂತವರ ಹೊಟ್ಟೆಗೇ ಎಸೆಯುತ್ತವೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಬೆರಳು ಹೋಗುವುದೂ ಅನೇಕ ಸಲ ಹೀಗೆಯೇ. ಹಲಗೆ ಹಾರುತ್ತದೆ, ಅದನ್ನು ಒತ್ತುತ್ತಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಬೀಳುತ್ತದೆ. ಇದನ್ನು ತಡೆಯಲೆಂದೇ ಬ್ಲೇಡಿನ ಬೆನ್ನಿಗೆ ರೈವಿಂಗ್ ನೈಫ್ ಎಂಬ ಉಕ್ಕಿನ ತೆಳು ಪಟ್ಟಿ ಇರುತ್ತದೆ. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚದಂತೆ ಅದು ಕಾಯುತ್ತದೆ. ಸೊಟ್ಟ ಹಲಗೆಯನ್ನು ಮೊದಲು ಮೇಜಿನ ಮೇಲೆ ಒತ್ತಿ ನೋಡುತ್ತಾರೆ. ಅಲುಗಾಡಿದರೆ ಮಗುಚಿ, ತಗ್ಗು ಮೈ ಕೆಳಗೆ ಬರುವಂತೆ ಇಟ್ಟುಕೊಳ್ಳುತ್ತಾರೆ. ಇವೆಲ್ಲ ಮುಗಿದ ಮೇಲೆಯೇ ಪ್ಲಗ್ ಗೋಡೆ ಸೇರುವುದು.

ಇನ್ನು ಕೊಯ್ಯುವ ಹೊತ್ತು. ಇಲ್ಲಿ ನಿಯಮ ಒಂದೇ: ಬ್ಲೇಡ್ ತಿರುಗುತ್ತಿರುವಾಗ ಬೆರಳು ಯಾವುದನ್ನೂ ಹುಡುಕಬಾರದು. ಬಲಗೈಯ ಕಿರುಬೆರಳನ್ನೋ ಹೆಬ್ಬೆರಳನ್ನೋ ಗೈಡ್ ಪಟ್ಟಿಗೆ ಕೊಕ್ಕೆಯಂತೆ ಸಿಕ್ಕಿಸಿಕೊಂಡಿರುತ್ತಾರೆ. ಪಟ್ಟಿ ಅಲುಗುವುದಿಲ್ಲ, ಕೊಕ್ಕೆ ಪಟ್ಟಿ ಬಿಡುವುದಿಲ್ಲ, ಹಾಗಾಗಿ ಕೈ ಎಡಕ್ಕೆ ಹೋಗುವ ದಾರಿಯೇ ಇಲ್ಲ. ಹಲಗೆಯ ಅಗಲ ಕಡಿಮೆಯಿದ್ದರೆ ಕೈಯ ಬದಲು ಪುಷ್ ಸ್ಟಿಕ್, ಅಂದರೆ ತುದಿಗೆ ಕಚ್ಚು ಕೊಯ್ದ ಮರದ ಕೋಲು, ಹಲಗೆಯನ್ನು ತಳ್ಳುತ್ತದೆ. ಎಡಗೈ ಬ್ಲೇಡಿಗಿಂತ ಇತ್ತಲೇ ಮೇಜಿನ ಮೇಲೆ ಒಂದು ಕಡೆ ನೆಲೆ ನಿಂತು ಹಲಗೆಯನ್ನು ಪಟ್ಟಿಗೆ ಒತ್ತುತ್ತದೆಯೇ ಹೊರತು ಹಲಗೆಯ ಜೊತೆ ಮುಂದೆ ಸಾಗುವುದಿಲ್ಲ. ದೇಹ ಬ್ಲೇಡಿನ ನೇರಕ್ಕೆ ಇರುವುದಿಲ್ಲ, ಪಕ್ಕಕ್ಕೆ ಸರಿದು ನಿಂತಿರುತ್ತದೆ. ಅಡ್ಡ ಕೊಯ್ಯುವಾಗ ಸ್ಲೆಡ್ ಬಳಸುತ್ತಾರೆ, ಮೇಜಿನ ತೋಡಿನಲ್ಲಿ ಜಾರುವ ಮರದ ತಟ್ಟೆ ಅದು. ಕಟ್ಟಿಗೆಯನ್ನು ತಟ್ಟೆಗೆ ಕ್ಲಾಂಪ್ ಹಾಕಿ ಬಿಗಿದು, ಎರಡೂ ಕೈಯನ್ನು ತಟ್ಟೆಯ ಹಿಡಿಕೆಗಳ ಮೇಲಿಟ್ಟರೆ ಸಾಕು. ಕೈ ಎಲ್ಲಿದೆ ಎಂಬ ಪ್ರಶ್ನೆಯೇ ಏಳದ ಹಾಗೆ ಕೆಲಸವನ್ನು ಹೊಂದಿಸಿಕೊಳ್ಳುವುದು ಇವರ ವಿದ್ಯೆ.

ಅಲ್ಲಿಂದ ಮುಂದೆ ಕಿವಿಯದು ದರಬಾರು. ಮಜ್ಜಿಗೆ ಕಡೆಯುವ ಅಜ್ಜಿಗೆ ಬೆಣ್ಣೆ ಕಟ್ಟಿದ್ದು ಸದ್ದಿನಲ್ಲೇ ತಿಳಿಯುವಂತೆ, ಮೋಟರಿನ ಸ್ವರದಲ್ಲಿ ಹಲಗೆ ಎಲ್ಲಿಗೆ ಬಂತೆಂಬುದು ತಿಳಿಯುತ್ತದೆ. ಹಲ್ಲು ಮರಕ್ಕೆ ತಾಗಿದಾಗ ಸ್ವರ ಇಳಿಯುತ್ತದೆ, ತಳ್ಳುವುದು ಜಾಸ್ತಿಯಾದರೆ ಇನ್ನೂ ಇಳಿದು ನರಳುತ್ತದೆ, ಕೊನೆಯ ಎಳೆ ಕಡಿದ ಕೂಡಲೇ ಮತ್ತೆ ಮೇಲೇರುತ್ತದೆ. ಅಂಗೈಯಲ್ಲಿ ನಡುಕ ಬದಲಾಗುತ್ತದೆ. ಸುಟ್ಟ ವಾಸನೆ ಬಂದರೆ ಹಲ್ಲು ಮೊಂಡಾಗಿದೆ, ಇಲ್ಲವೇ ಪಟ್ಟಿ ವಾಲಿದೆ. ಸ್ವಿಚ್ ಆರಿಸಿದ ಮೇಲೂ ಬ್ಲೇಡ್ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ; ಕಣ್ಣುಳ್ಳವರು ಅಷ್ಟರಲ್ಲೇ ತುಂಡು ಎತ್ತಲು ಕೈ ಚಾಚುತ್ತಾರೆ. ಅಂಧ ಬಡಗಿ ಪೂರ್ತಿ ನಿಶ್ಶಬ್ದವಾಗುವವರೆಗೆ ಕೈ ಎತ್ತುವುದಿಲ್ಲ.

ಕಿವಿಯ ವಿಷಯದಲ್ಲಿ ಒಂದು ಪೇಚೂ ಇದೆ. ಟೇಬಲ್ ಸಾದ ಸದ್ದು 100 ಡೆಸಿಬಲ್‌ನ ಆಸುಪಾಸು. 85 ದಾಟಿದ ಸದ್ದಿನಲ್ಲಿ ಗಂಟೆಗಟ್ಟಲೆ ನಿಂತರೆ ಕಿವಿ ಕೆಡುತ್ತದೆ. ಕಣ್ಣು ಕಾಣದವರಿಗೆ ಕಿವಿ ಕೆಟ್ಟರೆ ಮಾತು ಕೇಳಿಸದೇ ಹೋಗುವುದಷ್ಟೇ ಅಲ್ಲ, ರಸ್ತೆ, ಮೆಟ್ಟಿಲು, ಮನೆಯ ಗೋಡೆ ಎಲ್ಲವೂ ಮಸುಕಾಗುತ್ತವೆ. ಹಾಗೆಂದು ಕಿವಿ ಪೂರ್ತಿ ಮುಚ್ಚಿದರೆ ಬ್ಲೇಡಿನ ಸುದ್ದಿ ತಿಳಿಯುವುದು ಹೇಗೆ? ಕಿವಿಗವಚ ಹಾಕಿಕೊಂಡು ಅಭ್ಯಾಸ ಮಾಡಿದರೆ ಸ್ವರದ ಏರಿಳಿತ ಅದರೊಳಗೂ ದಾಟಿ ಬರುತ್ತದೆ. ಮೆಲ್ಲನೆಯ ಸದ್ದನ್ನು ಒಳಬಿಟ್ಟು ಜೋರು ಸದ್ದನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಕವಚಗಳೂ ಈಗಿವೆ. ದುಡ್ಡು ಎಲ್ಲಿ ಹಾಕಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಕಣ್ಣಿನ ಕನ್ನಡಕವೂ ಬೇಕೇ ಎಂದು ನಗುವವರಿದ್ದಾರೆ. ಬೇಕು. ಕಾಣದ ಕಣ್ಣಿಗೂ ಚಕ್ಕೆ ಸಿಡಿದರೆ ನೋವಾಗುತ್ತದೆ, ಕೀವಾಗುತ್ತದೆ. ಕೈಗೆ ಗ್ಲೌಸು ಮಾತ್ರ ಬೇಡವೇ ಬೇಡ. ಹಲ್ಲು ಅದರ ಎಳೆಯನ್ನು ಹಿಡಿದರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಸಡಿಲ ತೋಳು, ಪಂಚೆಯ ಚುಂಗು, ಕೊರಳ ಸರ, ಕೈಯ ಕಾಶಿದಾರ ಎಲ್ಲಕ್ಕೂ ಇದೇ ಮಾತು.

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ. ಅದು ಎರಡು ಕಾಲಿನ ಮೇಲೆ ಓಡಾಡುತ್ತದೆ. ಗರಗಸದ ಮುಂದೆ ನಿಂತ ಅಂಧರನ್ನು ಕಂಡ ಕಣ್ಣುಳ್ಳವರು ಸುಮ್ಮನಿರುವುದಿಲ್ಲ. ‘ಏ ಹುಷಾರು!’ ಎಂದು ಕೂಗುತ್ತಾರೆ. ಕೂಗು ಕಿವಿಗೆ ಬಿದ್ದೊಡನೆ ಮೈ ಆ ಕಡೆ ತಿರುಗುತ್ತದೆ. ಇನ್ನು ಕೆಲವರು ಪ್ರೀತಿಯಿಂದ ಬಂದು ಮೊಣಕೈ ಹಿಡಿಯುತ್ತಾರೆ, ಹಲಗೆಯ ಆಚೆ ತುದಿಯನ್ನು ಹೇಳದೆ ಕೇಳದೆ ಎಳೆಯುತ್ತಾರೆ. ನಮ್ಮಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಅಂಧರ ಕೈ ಹಿಡಿಯಲು ಅನುಮತಿ ಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಯಂತ್ರ ಓಡುತ್ತಿರುವಾಗ ಯಾರೂ ಮಾತಾಡಬಾರದು, ಯಾರೂ ಮುಟ್ಟಬಾರದು, ತೆಗೆದ ಉಳಿ ತೆಗೆದಲ್ಲೇ ಇಡಬೇಕು. ಇದನ್ನು ಶೆಡ್ಡಿನ ಬಾಗಿಲಲ್ಲಿ ಬರೆದು ಹಾಕಬೇಕಾದ್ದು ಕಣ್ಣುಳ್ಳವರಿಗಾಗಿ. ರಾತ್ರಿ ಕೆಲಸವಿದ್ದರೆ ಲೈಟನ್ನೂ ಅವರಿಗಾಗಿಯೇ ಹಾಕಿಡಬೇಕಾಗುತ್ತದೆ.

ಯಂತ್ರಗಳೆಲ್ಲ ಒಂದೇ ಸ್ವಭಾವದವಲ್ಲ. ಬ್ಯಾಂಡ್ ಸಾದ ಹಲ್ಲುಗಳು ಕೆಳಮುಖವಾಗಿ ಓಡುವುದರಿಂದ ಹಲಗೆಯನ್ನು ಮೇಜಿಗೇ ಒತ್ತುತ್ತವೆ, ಹಿಂದಕ್ಕೆ ಎಸೆಯುವುದಿಲ್ಲ. ಹಾಗೆಂದು ಅದನ್ನು ಸಾಧು ಎನ್ನಬೇಡಿ. ಸ್ವಿಚ್ ಆರಿಸಿದ ಮೇಲೆ ಅದರ ಪಟ್ಟಿಯಂಥ ಬ್ಲೇಡ್ ಬಹಳ ಹೊತ್ತು, ಹೆಚ್ಚು ಸದ್ದಿಲ್ಲದೆ ತಿರುಗುತ್ತದೆ. ಕಿವಿಯನ್ನು ನಂಬಿದವರಿಗೆ ಸದ್ದಿಲ್ಲದ ಬ್ಲೇಡಿಗಿಂತ ದೊಡ್ಡ ಮೋಸವಿಲ್ಲ. ಕಾಲಿನ ಬ್ರೇಕ್ ಇರುವ ಯಂತ್ರವಾದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಕಡ್ಡಿಯ ತುದಿಯಿಂದ ಬ್ಲೇಡನ್ನು ಮೆಲ್ಲಗೆ ಮುಟ್ಟಿ, ನಿಂತಿದೆ ಎಂದು ಖಚಿತವಾದ ಮೇಲೆ ಕೈ ಮುಂದೆ ಹೋಗಬೇಕು. ಮರವನ್ನು ತಿರುಗಿಸಿ ಕಡೆಯುವ ಲೇತ್ ಅಂಧರಿಗೆ ಬಹಳ ಒಗ್ಗುತ್ತದೆ. ಉಳಿ ಟೂಲ್ ರೆಸ್ಟ್ ಎಂಬ ಆನಿಕೆಯ ಮೇಲೆ ಕೂತಿರುತ್ತದೆ, ಆಕಾರ ಬೆರಳಿಗೇ ತಿಳಿಯುವಂಥದ್ದು, ಯಂತ್ರ ನಿಲ್ಲಿಸಿ ಸವರಿ ನೋಡಿದರಾಯಿತು. ಕೈಯಲ್ಲಿ ಹಿಡಿದು ಓಡಿಸುವ ಸರ್ಕ್ಯುಲರ್ ಸಾವನ್ನು ನಾನು ಕೊನೆಗೆ ಇಡುತ್ತೇನೆ. ಉಳಿದ ಗರಗಸಗಳಲ್ಲಿ ಬ್ಲೇಡ್ ಒಂದು ಜಾಗದಲ್ಲಿ ಕೂತು ಮರ ಚಲಿಸುತ್ತದೆ. ಇಲ್ಲಿ ಬ್ಲೇಡೇ ಊರು ತಿರುಗುತ್ತದೆ.

ನಮ್ಮ ಊರುಗಳ ಮರದಂಗಡಿಗಳಲ್ಲಿ ಟೇಬಲ್ ಸಾ ಎಂದರೆ ಹೆಚ್ಚಾಗಿ ಇದೇ ಕೈಯಂತ್ರದ ಅವತಾರ. ಪ್ಲೈವುಡ್ಡಿನ ಮೇಜಿಗೆ ಸೀಳು ಕೊಯ್ದು, ಕಟ್ಟರ್ ಮೆಷಿನ್ ಒಂದನ್ನು ತಲೆಕೆಳಗಾಗಿ ಅಡಿಯಿಂದ ತಿರುಪು ಹಾಕಿ ಬಿಗಿದು, ಸ್ವಿಚ್ಚನ್ನು ಒತ್ತಿ ಹಿಡಿದು ಟೇಪ್ ಸುತ್ತಿದರೆ ಮುಗಿಯಿತು. ಓಡಿಸುವುದು, ನಿಲ್ಲಿಸುವುದು ಗೋಡೆಯ ಬೋರ್ಡಿನಿಂದ. ಗಾರ್ಡ್ ಇಲ್ಲ, ರೈವಿಂಗ್ ನೈಫ್ ಇಲ್ಲ, ಗೈಡ್ ಪಟ್ಟಿಯೆಂದರೆ ಎರಡು ಕ್ಲಾಂಪಿನ ನಡುವೆ ಸಿಕ್ಕಿಸಿದ ರೀಪು. 1948ರ ಫ್ಯಾಕ್ಟರಿ ಕಾಯ್ದೆ ಯಂತ್ರದ ಅಪಾಯದ ಭಾಗಗಳಿಗೆ ಬೇಲಿ ಇರಬೇಕೆಂದಿತು. ಆದರೆ ಮೂರ್ನಾಲ್ಕು ಜನರ ಅಂಗಡಿಯನ್ನು ಅದು ಮುಟ್ಟಲಿಲ್ಲ. ಇಂಥ ಮೇಜಿನ ಮುಂದೆ ಅಂಧರನ್ನು ನಿಲ್ಲಿಸಬಾರದು ಎಂದರೆ ಒಪ್ಪುತ್ತೇನೆ. ಕಣ್ಣುಳ್ಳ ಹುಡುಗನನ್ನು ನಿಲ್ಲಿಸಬಹುದು ಎಂದರೆ ಒಪ್ಪುವುದಿಲ್ಲ.

ಟೇಪ್ ಸುತ್ತಿದ ಸ್ವಿಚ್ಚಿನ ಕೇಡು ಕರೆಂಟ್ ಹೋದಾಗ ಗೊತ್ತಾಗುತ್ತದೆ. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು, ಬ್ಲೇಡ್ ನಿಂತಿತು, ಎಲ್ಲವೂ ಶಾಂತ. ಹಲಗೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬೆರಳು ಹಲ್ಲಿನ ಬಳಿ ಹೋಗುತ್ತದೆ. ಅಷ್ಟರಲ್ಲಿ ಲೈನ್‌ಮನ್ ಫ್ಯೂಸ್ ಹಾಕುತ್ತಾನೆ. ಲೋಡ್ ಶೆಡ್ಡಿಂಗಿನ ನಾಡಿನಲ್ಲಿ ಇದು ಕಟ್ಟುಕತೆಯೇನಲ್ಲ. ಇದಕ್ಕೆ ಮದ್ದು ನೋ-ವೋಲ್ಟ್ ಸ್ವಿಚ್. ಕರೆಂಟ್ ಹೋದ ಕ್ಷಣ ಅದು ತಾನೇ ಬಿಟ್ಟುಕೊಳ್ಳುತ್ತದೆ, ಕರೆಂಟ್ ಮರಳಿದರೂ ಹಸಿರು ಗುಂಡಿ ಮತ್ತೆ ಒತ್ತುವವರೆಗೆ ಯಂತ್ರ ಏಳುವುದಿಲ್ಲ. ಅದರ ಕೆಂಪು ಗುಂಡಿಗೆ ತೊಡೆಯ ಎತ್ತರದಲ್ಲಿ ಅಗಲವಾದ ಹಲಗೆ ಜೋಡಿಸಿದರೆ, ಎರಡೂ ಕೈ ಕಟ್ಟಿಗೆಯ ಮೇಲಿರುವಾಗ ಮಂಡಿಯಿಂದಲೇ ತಟ್ಟಿ ನಿಲ್ಲಿಸಬಹುದು. ಹಳೆ ಮನೆ ಕೆಡವಿದ ತೊಲೆ, ಬಾಗಿಲುವಾಡ ಕೊಯ್ಯುವ ರೂಢಿಯೂ ನಮ್ಮಲ್ಲಿ ಬಹಳ. ಅದರೊಳಗಿನ ಮೊಳೆ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತವೊಂದನ್ನು ಮೈಮೇಲೆಲ್ಲ ಸವರಿದರೆ ಮೊಳೆ ಇದ್ದಲ್ಲಿ ಅದು ಅಂಟುತ್ತದೆ.

ಮೈ ತಾಗಿದೊಡನೆ ನಿಲ್ಲುವ ಗರಗಸವೂ ಬಂದಿದೆ. ಭೌತವಿಜ್ಞಾನ ಓದಿ ಪೇಟೆಂಟ್ ವಕೀಲರಾಗಿದ್ದ ಸ್ಟೀಫನ್ ಗ್ಯಾಸ್ 1999ರಲ್ಲಿ ಅದನ್ನು ಕಂಡುಹಿಡಿದರು, ಹೆಸರು ಸಾಸ್ಟಾಪ್. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ, ಚರ್ಮ ತಾಗಿದರೆ ಅದು ಬದಲಾಗುತ್ತದೆ, ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳ ನಡುವೆ ನುಗ್ಗಿ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ಹಿಡಿದು ನಿಲ್ಲಿಸುತ್ತದೆ. ಬೆರಳಿನ ಬದಲು ಹಾಟ್‌ಡಾಗ್ ಇಟ್ಟು ತೋರಿಸಿದ ಅದರ ಪ್ರದರ್ಶನ ಜಗತ್ತೆಲ್ಲ ಪ್ರಸಿದ್ಧ. ಕೊಳ್ಳಬಲ್ಲವರು ಕೊಳ್ಳಲಿ. ಆದರೆ ಎದ್ದು ಹಾರುವ ಹಲಗೆಯನ್ನು ಅದು ತಡೆಯುವುದಿಲ್ಲ.

ಅಂಧರೂ ಮರಗೆಲಸವೂ ಹೊಸ ಜೋಡಿಯೇನಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1915ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಪಿಯರ್ಸನ್ ಸ್ಥಾಪಿಸಿದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯಲ್ಲಿ ಬಡಗಿತನ ಕಲಿಸುತ್ತಿದ್ದರು. ಪತ್ರಿಕೋದ್ಯಮಿಯಾಗಿದ್ದ ಪಿಯರ್ಸನ್ ಸ್ವತಃ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರು. ಅಲ್ಲಿ ತಯಾರಾದ ಕ್ಲೂತಾ ಮೆಕೆಂಝಿ, ಗ್ಯಾಲಿಪೊಲಿಯಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಸೈನಿಕ, 1940ರ ದಶಕದಲ್ಲಿ ಭಾರತಕ್ಕೆ ಬಂದು ಡೆಹ್ರಾಡೂನಿನಲ್ಲಿ ಅಂಧ ಸೈನಿಕರ ಕೇಂದ್ರ ಕಟ್ಟಿದರು. ಇಂದಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆಯ ಬೇರು ಅದೇ. ಆದರೆ ನಮ್ಮಲ್ಲಿ ಅಂಧರ ಕಸುಬೆಂದು ಬೇರೂರಿದ್ದು ಬೆತ್ತದ ಕುರ್ಚಿ ಹೆಣೆಯುವುದು, ನೇಯ್ಗೆ, ಮೇಣದ ಬತ್ತಿ. ಕನ್ನಡನಾಡಿನಲ್ಲಿ ಇವೆಲ್ಲಕ್ಕಿಂತ ಎತ್ತರದಲ್ಲಿ ಸಂಗೀತ. ಗದುಗಿನ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಪರಂಪರೆ ಎಷ್ಟು ದೊಡ್ಡದೆಂದರೆ, ಅಂಧ ಮಗುವಿನ ಕೈಗೆ ಹಾರ್ಮೋನಿಯಂ ಕೊಡಲು ನಾವು ಎರಡು ಸಲ ಯೋಚಿಸುವುದಿಲ್ಲ. ಅದೇ ಕೈಗೆ ಉಳಿ ಕೊಡು ಎಂದರೆ ಎದೆ ನಡುಗುತ್ತದೆ. ತಬಲಾದ ಮೇಲೆ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಬೆರಳಿಗೆ ಹಲಗೆಯ ಅಂಚು ತಿಳಿಯದೇ ಹೋದೀತೇ?

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ 1950ರಲ್ಲಿ ಶುರುವಾದ ಅಂಧರ ಶಿಬಿರತಾಣವೊಂದಿದೆ, ಎನ್‌ಚಾಂಟೆಡ್ ಹಿಲ್ಸ್. ಅಲ್ಲಿ ದ್ರಾಕ್ಷಿ ಹಿಂಡುತ್ತಿದ್ದ ಹಳೆಯ ಕೊಟ್ಟಿಗೆಯೊಂದನ್ನು ಮರಗೆಲಸ ಮತ್ತು ಮುಟ್ಟಿ ನೋಡುವ ಕಲೆಯ ಶಾಲೆಯಾಗಿ ಮಾರ್ಪಡಿಸಿದವರು ಜಾರ್ಜ್ ವುರ್ಟ್‌ಜೆಲ್. ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡ ಬಡಗಿ. ಅವರಿಂದ ಮರಗೆಲಸ ಕಲಿತ ಶಿಬಿರಾರ್ಥಿಗಳಿಗೆ ಎದುರಿದ್ದ ಮೇಷ್ಟರಿಗೂ ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಐಟಿಐಗಳಲ್ಲಿ ಕಾರ್ಪೆಂಟರ್ ಟ್ರೇಡ್ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಯುವಲ್ಲಿ, ದುಡಿಯುವಲ್ಲಿ ಬೇಕಾದ ಸೂಕ್ತ ಅನುಕೂಲ ಒದಗಿಸಬೇಕೆನ್ನುತ್ತದೆ. ಆ ಅನುಕೂಲದ ಪಟ್ಟಿ ಉದ್ದವೇನಿಲ್ಲ. ಟಕ್ ಎನ್ನುವ ಅಳತೆಗೋಲು, ನೋ-ವೋಲ್ಟ್ ಸ್ವಿಚ್, ಸ್ಲೆಡ್, ಕಿವಿಗವಚ, ಮತ್ತು ವಿದ್ಯಾರ್ಥಿಯ ಮೊಣಕೈ ಹಿಡಿಯದ ಒಬ್ಬ ಮೇಷ್ಟರು.

ಕಲಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಕೈಗರಗಸ, ಹತ್ತರಿ, ಮೂಲೆಮಟ್ಟ. ಪೆನ್ಸಿಲ್ ಗೆರೆಯ ಬದಲು ಚಾಕುವಿನ ಗೀರು, ಅದರಲ್ಲಿ ಉಗುರು ಕೂರುತ್ತದೆ. ಮರವನ್ನು ಮೂಗಿನಿಂದಲೂ ತೂಕದಿಂದಲೂ ಗುರುತಿಸುವುದು, ತೇಗಕ್ಕೂ ಬೀಟೆಗೂ ವಾಸನೆಯೇ ಬೇರೆ. ಆಮೇಲೆ ಡ್ರಿಲ್ ಪ್ರೆಸ್, ಲೇತ್, ಬ್ಯಾಂಡ್ ಸಾ. ಟೇಬಲ್ ಸಾವನ್ನು ಹಲವು ದಿನ ಪ್ಲಗ್ ಹಾಕದೆಯೇ ಮುಟ್ಟಿ, ಬಿಚ್ಚಿ, ಹೊಂದಿಸಿ, ಸುಮ್ಮನೆ ಹಲಗೆ ತಳ್ಳಿ ಕೈಯ ದಾರಿ ರೂಢಿಯಾದ ಮೇಲೆ ಓಡಿಸುವುದು. ಅದಕ್ಕೆ ಮುಂಚೆ ಪುಷ್ ಸ್ಟಿಕ್ಕುಗಳನ್ನು ತಾವೇ ಮಾಡಿಕೊಂಡಿರಬೇಕು. ಹಲಸಿನ ರೀಪು, ಒಂದು ಕೈಗರಗಸ, ಒಂದು ಅರ ಇದ್ದರೆ ಅದು ಅರ್ಧ ದಿನದ ಕೆಲಸ.